ನೀರು ಕುಡಿಯುವ ಮೊದಲಿನ ಮಾತು

ಹೋದ ತಿಂಗಳು ತಿಳವಳ್ಳಿಯಿಂದ ನನಗೊಂದು ಕೈಚೀಲ ಬಂತು. ಸವಣೂರಿನ ಕೋರ್ಟಿಗೆ ತಾರೀಖಿಗೆಂದು ಬಂದಿದ್ದ ಆ ಊರಿನ ಹಿರಿಯರೊಬ್ಬರು, "ಸರ್ ಮನಿಯವ್ರು ಕೊಟ್ಟಾರ್ರಿ, ನಿಮಗ ಮುಟ್ಸು ಅಂದಾರ," ಎಂದು ನನ್ನ ಮೇಜಿನ ಮೇಲಿಟ್ಟು ಹೋದರು. ಒಳಗೆ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ತಾಮ್ರದ ಚರಗಿ ಇತ್ತು. ನೀರು ತುಂಬಿಡುವ ಸಣ್ಣ ತಂಬಿಗೆಗೆ ನಮ್ಮ ಕಡೆ ಹಾಗೆನ್ನುತ್ತೇವೆ. ಕಳಿಸುವ ಮುನ್ನ ಯಾರೋ ಹುಣಸೆಹಣ್ಣು ಹಚ್ಚಿ ಚೆನ್ನಾಗಿ ತಿಕ್ಕಿದ್ದರು. ಟವೆಲ್ಲು ಬಿಚ್ಚಿದ ಕೂಡಲೇ ಆ ಹುಳಿ ವಾಸನೆ, ಅದರ ಹಿಂದೆಯೇ ತಾಮ್ರದ ವಾಸನೆ ಮೂಗಿಗೆ ಬಂತು. ಪಕ್ಕದ ಮೇಜಿನ ವಕೀಲರು ಏನದು ಎಂದು ಕೇಳಿದರು. ಹೇಳಲು ಹೊರಟರೆ ಮೊದಲು ನನಗೆ ಕಲಿಸಿದ ಸರ್ ಬಗ್ಗೆ ಹೇಳಬೇಕು, ಕಾಲೇಜಿನ ಬಗ್ಗೆ ಹೇಳಬೇಕು, ಆಮೇಲೆ ಆ ದಿನದ ಬಗ್ಗೆ... ಮಧ್ಯಾಹ್ನದ ಕೇಸು ಕರೆಯುವ ಹೊತ್ತಾಗಿತ್ತು. ಎದ್ದು ಹೋದೆ.

ಸರ್ ತೀರಿಕೊಂಡದ್ದು ಈ ಸಲದ ಮಳೆ ಶುರುವಾಗುವ ಮೊದಲು. ಸುದ್ದಿ ನನಗೆ ತಡವಾಗಿ ತಿಳಿಯಿತು, ಮಣ್ಣಿಗೆ ಹೋಗಲಾಗಲಿಲ್ಲ. ಸಂಜೆ ಮನೆಗೆ ಬಂದು ಅವರ ಹೆಂಡತಿಗೆ ಫೋನು ಮಾಡಿದೆ. "ಮುಟ್ಟಿತೇನವಾ? ನಿನಗ ಕೊಡು ಅಂತಿದ್ರು," ಎಂದರು. ಅಷ್ಟು ಚೆನ್ನಾಗಿ ತಿಕ್ಕಿದ್ದು ಯಾರು ಎಂದು ಕೇಳಿದೆ, ಮಾತಿಗೆ ಬೇರೇನೂ ಸಿಗದೆ. "ಭಾವಾರು. ತಾವ ಕುಂತು ತಿಕ್ಕಿ ಕೊಟ್ರು," ಎಂದರು. ಅವರ ಭಾವ ಎಂದರೆ ಸರ್ ಅವರ ಸ್ವಂತ ಅಣ್ಣ. ತಮ್ಮನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ ಒಂದೇ ಮನೆಯಲ್ಲಿ ಗೋಡೆಯಾಚೆ ಬದುಕಿದ್ದ ಮನುಷ್ಯ. ಅದರ ಕತೆಯೂ ಈ ಚರಗಿಗೆ ಸೇರಿದ್ದೇ.

ನಾನು ಓದಿದ ಕಾನೂನು ಕಾಲೇಜು ನಮ್ಮ ನಾಲ್ಕು ತಾಲೂಕಿನ ನಡುವೆ, ಒಂದು ಅಕ್ಕಿ ಗಿರಣಿಯ ಪಕ್ಕದಲ್ಲಿತ್ತು. ಹೆಸರು ಬೇಡ. ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ಎಲ್ಲ ಕಡೆಯಿಂದ ಬಸ್ಸಿನಲ್ಲಿ ಜೋತುಬಿದ್ದು ಬರುತ್ತಿದ್ದೆವು. ಕಾಲೇಜಿನ ಸಭಾಂಗಣ ಹಿಂದೊಮ್ಮೆ ಅದೇ ಗಿರಣಿಯವರು ಅಕ್ಕಿ ಚೀಲ ಒಟ್ಟುತ್ತಿದ್ದ ಜಾಗ. ನಾವು ಅದನ್ನು ಗೋದಾಮು ಎಂದೇ ಕರೆಯುತ್ತಿದ್ದೆವು. ಅಲ್ಲಿ ಯಾವ ಮಹನೀಯರು ಬಂದು ಯಾವ ಸಂವಿಧಾನದ ಬಗ್ಗೆ ಭಾಷಣ ಮಾಡಿದರೂ ಗಿರಣಿಯ ಸದ್ದಿನ ಮೇಲೆಯೇ ಮಾಡಬೇಕಿತ್ತು, ತೌಡಿನ ಧೂಳಿಗೆ ನಡುನಡುವೆ ಸೀನಬೇಕಿತ್ತು.

ಸರ್ ಖಾಯಂ ನೌಕರರಲ್ಲ. ಹಾನಗಲ್ಲಿನ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದವರು, ಮಧ್ಯಾಹ್ನದ ಮೇಲೆ ಬಂದು ನಮಗೆ ವಾದ ಮಾಡುವುದನ್ನು ಕಲಿಸುತ್ತಿದ್ದರು. ಕುಳ್ಳಗಿನ ಆಳು, ಕರಿ ಕೋಟಿನ ಕಂಕುಳಲ್ಲಿ ಯಾವಾಗಲೂ ಒಂದು ಹೊಲಿಗೆ ಬಿಚ್ಚಿರುತ್ತಿತ್ತು. ಹೊಗಳಿದರೆ ಮುಜುಗರ, ಬೈದರೆ ನಗು. ಅವರ ತರಗತಿಗೆ ಒಂದೇ ಒಂದು ಪದ್ಧತಿ ಇತ್ತು. ಮೇಜಿನ ಮೇಲೆ ನೀರು ತುಂಬಿದ ಚರಗಿ ಇಡುತ್ತಿದ್ದರು. ಯಾರದಾದರೂ ಮಾತಿಗೆ ಎದುರು ಹೇಳಬೇಕೆಂದರೆ ಮೊದಲು ಆ ಮಾತನ್ನು ಅವರಿಗಿಂತ ಚೆನ್ನಾಗಿ ನೀನೇ ಹೇಳಬೇಕು. ಅದನ್ನು ಹೇಳಿದವರು ಕುಳಿತಲ್ಲಿಂದ "ಹೌದು, ಇದ ನಾ ಅಂದದ್ದು" ಎಂದು ಒಪ್ಪಬೇಕು. ಆಮೇಲೆ ಚರಗಿ ಎತ್ತಿ ನೀರು ಕುಡಿಯಬೇಕು. ಕುಡಿದ ಮೇಲೆ ಆಡುವುದು ನಿನ್ನ ಮಾತು. ನೀರಿಗಿಂತ ಮುಂಚಿನದು ಎದುರಿನವರದು, ನೀರಿನ ನಂತರದ್ದು ನಿನ್ನದು. ಇದು ಬಿಟ್ಟರೆ ಇನ್ನೇನೂ ಇಲ್ಲ.

ಇದಕ್ಕೆ ನಗದವರಿಲ್ಲ. ನಮ್ಮ ಕಡೆ ಹಳ್ಳಿಯಲ್ಲಿ ಚರಗಿ ಹಿಡಿದು ಹೊರಟರೆಂದರೆ ಎಲ್ಲಿಗೆ ಹೊರಟರೆಂದು ಕೇಳುವ ಅಗತ್ಯವಿಲ್ಲ. ಸರ್ ಅದನ್ನು ಹಿಡಿದು ವರಾಂಡದಲ್ಲಿ ಬರುತ್ತಿದ್ದರೆ ಹಿಂದಿನ ಬೆಂಚಿನ ಹುಡುಗರು ದಾರಿ ಬಿಡ್ರೋ, ಸರ್‌ಗೆ ಅವಸರ ಐತಿ ಎನ್ನುತ್ತಿದ್ದರು. ಅವರೂ ನಗುತ್ತಿದ್ದರು. ಚರಗಿಯನ್ನು ಎಲ್ಲರೂ ಎತ್ತಿ ಕುಡಿಯುತ್ತಿದ್ದೆವು, ತುಟಿ ತಾಗಿಸದೆ. ಮೊದಮೊದಲು ಒಂದಿಬ್ಬರು, ನಾನು ಕುಡಿದ ಮೇಲೆ, ತಮ್ಮ ಚೀಲದಿಂದ ಬಾಟಲಿ ತೆಗೆಯಲು ನೋಡಿದರು. ಸರ್ ಏನೂ ಬೈಯಲಿಲ್ಲ. "ಬಾಟ್ಲಿ ನೀರು ಕುಡದ್ರ ಅದು ಲೆಕ್ಕಕ್ಕ ಬರೂದಿಲ್ಲ ನೋಡಪಾ, ಮತ್ತ ಮದ್ಲಿಂದ ಹೇಳಬೇಕಾಕ್ಕೈತಿ," ಎಂದರು. ಮೊದಲಿಂದ ಹೇಳುವ ಕಷ್ಟಕ್ಕಿಂತ ಚರಗಿಯೇ ವಾಸಿ ಎನ್ನಿಸಿರಬೇಕು. ಬಾಟಲಿಗಳು ಚೀಲಕ್ಕೆ ಮರಳಿದವು.

ಒಂದು ದಿನ ನನ್ನ ತಲೆಯ ಮೇಲಿನ ಬಟ್ಟೆಯ ಬಗ್ಗೆಯೇ ವಾದ ಬಿತ್ತು. ಆಗ ಎಲ್ಲ ಕಾಲೇಜುಗಳಲ್ಲೂ ಆ ಜಗಳವಿತ್ತು, ನಮ್ಮಲ್ಲಿಗೂ ಬಂತು. ಅಕ್ಕಿಆಲೂರಿನ ಹುಡುಗನೊಬ್ಬ ಎದ್ದು ಕಾಲೇಜಿನಲ್ಲಿ ಎಲ್ಲರೂ ಒಂದೇ ರೀತಿ ಬರಬೇಕು ಎಂದು ಏರುದನಿಯಲ್ಲಿ ಶುರು ಮಾಡಿದ. ಸರ್ ಚರಗಿ ತೋರಿಸಿದರು. ಅವನು ಗೊಣಗುತ್ತ ನನ್ನ ಮಾತನ್ನು ಹೇಳಲು ಹೊರಟ. ಇದು ತಲೆಯ ಮೇಲೆ ಇದ್ದರಷ್ಟೇ ಇವಳನ್ನು ಮನೆಯವರು ಕಾಲೇಜಿಗೆ ಕಳಿಸುತ್ತಾರೆ, ಅದಕ್ಕೆ ತೆಗೆಯಬೇಡಿ ಎನ್ನುತ್ತಾಳೆ ಎಂದ. ನಾನು ಅಲ್ಲ ಎಂದು ತಲೆಯಾಡಿಸಿದೆ. ಅದು ನಮ್ಮ ಮನೆಯವರ ಮಾತು, ನನ್ನದಲ್ಲ. ಅವನು ಧರ್ಮದ ಮಾತು ತಂದ. ಅದೂ ಪೂರ್ತಿ ನನ್ನದಾಗಿರಲಿಲ್ಲ. ಅವನಿಗೆ ಬೆವರು ಬಂತು. ಕೊನೆಗೆ ನನ್ನನ್ನೇ ನೋಡುತ್ತ, "ಆಕೀಗೆ ಇದು ಸೇರತೈತಿ. ಯಾಕ ಸೇರತೈತಿ ಅಂತ ಕೇಳೂ ಹಕ್ಕು ನಮಗಿಲ್ಲ ಅಂತಾಳ," ಎಂದ. ನಾನು ಹೌದು ಎಂದೆ. ಅವನು ಅದೇ ಚರಗಿ ಎತ್ತಿ ನೀರು ಕುಡಿದು ತನ್ನ ಹಳೆಯ ಮಾತನ್ನೇ ಹೇಳಿದ. ಅಭಿಪ್ರಾಯ ಬದಲಾಗಿರಲಿಲ್ಲ, ದನಿ ಮಾತ್ರ ಇಳಿದಿತ್ತು. ಆಮೇಲೆ ಅವನ ಮಾತನ್ನು ನಾನು ಹೇಳಬೇಕಾಯಿತು. ಸಿಟ್ಟು ಬಂತು, ಆದರೂ ಹೇಳಿದೆ. ಈಗ ಅವನೂ ವಕೀಲ. ಹಾನಗಲ್ಲಿನ ಕೋರ್ಟಿನಲ್ಲಿ ಎದುರಾದಾಗ ಕಚ್ಚಾಡುತ್ತೇವೆ, ಆಮೇಲೆ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತೇವೆ. ಗೆಳೆಯರು ಎನ್ನಲಾರೆ. ಎದುರು ಬದುರು ಕುಳಿತುಕೊಳ್ಳಲು ಬರುತ್ತದೆ, ಅಷ್ಟೇ. ಈಗ ಅನ್ನಿಸುತ್ತದೆ, ಅದೂ ಕಡಿಮೆಯದಲ್ಲ.

ಆ ದಿನ ಎಂದೆನಲ್ಲ, ಅದು ಬಂದದ್ದು ನನ್ನ ಕೊನೆಯ ವರ್ಷದಲ್ಲಿ. ಕಾಲೇಜಿನ ವಾರ್ಷಿಕ ಚರ್ಚಾಸ್ಪರ್ಧೆ. ತವರಿನ ಜಮೀನಿನಲ್ಲಿ ಹೆಣ್ಣುಮಕ್ಕಳಿಗೆ ಪಾಲು ಎಂಬುದು ವಿಷಯ. ಕಾನೂನು ಎಂದೋ ತೀರ್ಮಾನ ಮಾಡಿದ ಸಂಗತಿ, ಊರು ಇನ್ನೂ ಮಾಡದ್ದು. ನಮ್ಮಲ್ಲಂತೂ ಹೆಣ್ಣುಮಕ್ಕಳಿಗೆ ಪಾಲು ಮೊದಲಿನಿಂದಲೂ ಇದೆ, ಕೊಟ್ಟವರನ್ನು ಮಾತ್ರ ನಾನು ಕಂಡಿಲ್ಲ. ನನ್ನ ಅಮ್ಮಿ ಸವಣೂರಿನ ತನ್ನ ತವರಿನ ಎಲೆತೋಟದ ಹಕ್ಕನ್ನು ಈದ್ ಹಬ್ಬದ ಒಂದು ಸೀರೆಗೆ ಮಾಮುಗೆ ಬಿಟ್ಟುಕೊಟ್ಟು ಬಂದವಳು. ಹೀಗಾಗಿ ಪರವಾಗಿ ಮಾತಾಡಲು ನಾನು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ವಿರೋಧವಾಗಿ ಮಾತಾಡಲು ಯಾರೂ ಹೆಸರು ಕೊಡಲಿಲ್ಲ. ಅರ್ಧಕ್ಕರ್ಧ ಹುಡುಗರ ಮನೆಯಲ್ಲಿ ಅದೇ ಅಭಿಪ್ರಾಯ, ವೇದಿಕೆಯ ಮೇಲೆ ಒಬ್ಬನದ್ದೂ ಅಲ್ಲ. ಎಲ್ಲರೂ ಭಾಳ ಒಳ್ಳೆಯವರಾಗಿಬಿಟ್ಟಿದ್ದರು.

ಸರ್ ಅದಕ್ಕೆ ಬೇಸರ ಮಾಡಿಕೊಂಡರು. "ಮನ್ಯಾಗ ಆಡೂ ಮಾತು ಇಲ್ಲಿ ಆಡಲಿಲ್ಲಂದ್ರ ಅದಕ್ಕ ಉತ್ತರಾ ಯಾರು ಕೊಡಾವ್ರು?" ಎಂದರು. ಕೊನೆಗೆ ಸ್ಪರ್ಧೆ ಶುರುವಾಗುವ ಮುನ್ನ ತಾವೇ ಮಾತಾಡುತ್ತೇನೆಂದರು, ಎರಡೂ ಭಾಗವನ್ನು. ಮೊದಲು ವಿರೋಧ, ಆಮೇಲೆ ನೀರು, ಆಮೇಲೆ ತಮ್ಮದು.

ಅಂದು ಗೋದಾಮು ತುಂಬಿತ್ತು. ಆಗಷ್ಟೇ ಸೇರಿದ ಮೊದಲ ವರ್ಷದವರು ಮುಂದೆ, ನಾವು ಹಿಂದೆ. ಬೇರೆ ಕಾಲೇಜುಗಳಿಂದಲೂ ಸ್ಪರ್ಧೆಗೆ ಬಂದಿದ್ದರು. ಸರ್ ಚರಗಿ ಮೇಜಿನ ಮೇಲಿಟ್ಟು ನೇರ ಮಾತಿಗೆ ಇಳಿದರು. ಅದೇ ತಪ್ಪಾಯಿತು. ವರ್ಷಾನುಗಟ್ಟಲೆ ಆ ಕಾಲೇಜಿನಲ್ಲಿ ನೀರಿನ ಲೆಕ್ಕವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಗಾಳಿಗೆ ಗೊತ್ತಿದ್ದಂತೆ ಎಲ್ಲರಿಗೂ ಗೊತ್ತಿರುತ್ತಿತ್ತು. ಮುಂದಿನ ಸಾಲಿನವರು ಹೊಸಬರು, ಅವರಿಗೆ ಏನೂ ತಿಳಿಯದು ಎಂಬುದು ಸರ್‌ಗೂ ಹೊಳೆಯಲಿಲ್ಲ, ಹಿಂದೆ ಕುಳಿತ ನಮಗೂ ಹೊಳೆಯಲಿಲ್ಲ.

ಅವರು ಅಂದು ಆಡಿದಂಥ ಮಾತನ್ನು ನಾನು ಯಾವ ಕೋರ್ಟಿನಲ್ಲೂ ಕೇಳಿಲ್ಲ. ಕಾನೂನಿನ ಒಂದು ಶಬ್ದವೂ ಇರಲಿಲ್ಲ. ತಿಳವಳ್ಳಿಯ ಗದ್ದೆಯ ಬದುವಿನ ಮೇಲೆ ನಿಂತ ಒಬ್ಬ ಅಣ್ಣ ಮಾತಾಡಿದ ಹಾಗಿತ್ತು. "ಅಪ್ಪ ಹಾಸಿಗಿ ಹಿಡದಾಗ ಹೇಲು ಉಚ್ಚಿ ಬಳದಾಂವ ನಾ. ನೀ ಎಲ್ಲಿದ್ದಿ? ನಿನ್ನ ಬಾಣಂತನ ಮಾಡ್ಸಿದಾಕಿ ನನ್ನ ಹೇಂತಿ. ಪಂಚಮಿಗೆ ಬಂದಿ, ಉಂಡಿ ತಿಂದಿ, ಜೋಕಾಲಿ ಆಡಿ ಹ್ವಾದಿ. ನಾ ಬ್ಯಾಡ ಅಂದೆನೇನು? ಈಗ ಗಂಡನ ಕೂಡ ಬಂದು ಹೊಲಕ್ಕ ಹಗ್ಗಾ ಹಿಡೀತಿ ಅಂದ್ರ... ಹಿಡಿ. ಆದ್ರ ಬರೂ ಪಂಚಮಿಗೆ ನಿನ್ನ ಕರಿಯಾಕ ಯಾರೂ ಬರೂದಿಲ್ಲ. ತವರಮನಿ ಬಾಗ್ಲ ಮುಚ್ಚತೈತಿ." ಪಕ್ಕದ ಗಿರಣಿಯ ಸದ್ದು ಕೂಡ ಮರೆತುಹೋಯಿತು. ನನಗೆ ಮಾಮುವಿನ ಮುಖ ಕಣ್ಣ ಮುಂದೆ ಬಂತು. ಅವನ ಕಡೆಗೂ ಹೀಗೊಂದು ನೋವು ಇದ್ದಿರಬಹುದೆಂದು ಅಂದೇ ಮೊದಲ ಸಲ ಅನ್ನಿಸಿತು. ಸರ್ ಮಾತು ನಿಲ್ಲಿಸಿ ಚರಗಿಗೆ ಕೈ ಹಾಕಿದರು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬಳು ಎದ್ದಳು. ಮಾಸೂರಿನಿಂದ ಬರುತ್ತಿದ್ದ ಮೊದಲ ವರ್ಷದ ಹುಡುಗಿ. "ಸಾಕ್ ಮಾಡ್ರಿ ಸರ್. ಇದನ್ನ ನಮ್ಮಣ್ಣ ಅಂದಾನ್ರಿ. ಇದ ಮಾತು, ತವರಮನಿ ಬಾಗ್ಲದ ಮಾತು. ಅಂದು ಸಹಿ ತಗೊಂಡಾನ. ನೀವೂ ಅಂತೀರೇನು?" ಎಂದಳು. ಸರ್ ಏನೋ ಹೇಳಲು ಬಾಯಿ ತೆರೆದರು. ಅವಳ ಸುತ್ತಲಿನವರು ಎದ್ದರು, ಬೇರೆ ಕಾಲೇಜಿನವರೂ ಎದ್ದರು. ಬೆಂಚು ಬಡಿತ, ಧಿಕ್ಕಾರ, ಕೇಕೆ. ಅವಳ ನೋವು ಒಬ್ಬರಿಗೂ ಗೊತ್ತಿರಲಿಲ್ಲ, ಬೆಂಚು ಬಡಿಯಲು ಮಾತ್ರ ಎಲ್ಲರಿಗೂ ಕಾರಣ ಸಿಕ್ಕಿತ್ತು. ಹಿಂದಿನ ಸಾಲಿನ ನಾವು ನೀರು, ನೀರು, ಸರ್ ಇನ್ನೂ ನೀರು ಕುಡಿದಿಲ್ಲ ಎಂದು ಕೂಗಿದೆವು. ಹೊರಗಿನವರಿಗೆ ಅದು ಹೇಗೆ ಕೇಳಿಸಿರಬೇಕೋ... ಯಾರೋ ಒಬ್ಬರು ಅವರ ಮೇಲೆಯೇ ನೀರು ಎರಚಿ ಎಂದು ಕೂಗಿದರು.

ಸರ್ ಚರಗಿ ಹಿಡಿದೇ ನಿಂತಿದ್ದರು. ಕುಡಿದರೆ ಅವರ ಸ್ವಂತ ಮಾತು ಶುರುವಾಗಬೇಕು, ಕೇಳುವವರು ಯಾರೂ ಇರಲಿಲ್ಲ. ಗದ್ದಲ ಇಳಿಯುವುದೇನೋ ಎಂದು ಬಹಳ ಹೊತ್ತು ಕಾದರು. ಆಮೇಲೆ ಚರಗಿಯನ್ನು ಹಾಗೆಯೇ ಮೇಜಿನ ಮೇಲಿಟ್ಟು, ಕೋಟು ಸರಿ ಮಾಡಿಕೊಂಡು ಹೊರಗೆ ನಡೆದರು. ನೀರು ತುಂಬಿದ್ದ ಚರಗಿಯನ್ನು ಎತ್ತಿಕೊಂಡು ಹಿಂದೆ ಹೋದವಳು ನಾನು.

ಮರುದಿನ ಬೆಳಗಾಗುವಷ್ಟರಲ್ಲಿ ಎಲ್ಲರ ಫೋನಿನಲ್ಲೂ ಸರ್ ಇದ್ದರು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು, ಪಂಚಮಿ ಉಂಡಿಯಿಂದ ತವರುಮನೆಯ ಬಾಗಿಲಿನವರೆಗೆ. ಕಾನೂನು ಕಾಲೇಜಿನ ಮೇಷ್ಟ್ರೇ ಹೀಗಂದರೆ ಎಂದು ಕೆಳಗೊಂದು ಸಾಲು. ಹಾವೇರಿಯ ಕಡೆಯಿಂದ ಹೆಣ್ಣುಮಕ್ಕಳ ಸಂಘದವರು ಬಂದು ಕಾಲೇಜಿನ ಗೇಟಿನ ಮುಂದೆ ಕುಳಿತರು. ಅವರ ಘೋಷಣೆಗಳೆಲ್ಲ ನಾನು ಅಂದು ಆಡಬೇಕೆಂದಿದ್ದ ಮಾತುಗಳೇ. ಒಳಗೆ ಕುಳಿತು ಅದನ್ನು ಕೇಳುವುದು ವಿಚಿತ್ರ ಹಿಂಸೆಯಾಗಿತ್ತು.

ಅದಕ್ಕಿಂತ ವಿಚಿತ್ರ ಎಂದರೆ ಅದೇ ವಾರ ಒಂದು ಜೀಪಿನಲ್ಲಿ ಅಕ್ಕಪಕ್ಕದ ಊರುಗಳ ಕೆಲವು ಹಿರಿಯರು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ಸ್ಟಾಫ್ ರೂಮಿಗೆ ಬಂದದ್ದು. ನಮ್ಮ ಮನಸ್ಸಿನಲ್ಲಿ ಇದ್ದದ್ದನ್ನು ಇಷ್ಟು ದಿನಕ್ಕೆ ಒಬ್ಬರು ಓದಿದವರು ಆಡಿದರು, ಅದಕ್ಕೆ ಸತ್ಕಾರ ಎಂದರು. ಸರ್ ಎಲ್ಲರನ್ನೂ ಕೂರಿಸಿದರು. "ಶಾಲು ಆಮ್ಯಾಲೆ ಹಾಕೀರಂತ. ಮದ್ಲ ಉಳದದ್ದು ಕೇಳ್ರಿ," ಎಂದು ಚರಗಿ ಎತ್ತಿ ನೀರು ಕುಡಿದರು. "ನೀವು ಮೆಚ್ಚಿದ ಮಾತೆಲ್ಲಾ ಖರೇನ ಐತ್ರಿ. ಅಷ್ಟೂ ಖರೇ ಇದ್ರೂ ಆಕೀ ಪಾಲು ಆಕೀದ. ಯಾಕ ಅಂತ ಹೇಳ್ತೇನಿ..." ಎಂದು ಶುರು ಮಾಡುವಷ್ಟರಲ್ಲಿ ಮುಂದೆ ಕುಳಿತ ಹಿರಿಯರು ಶಾಲನ್ನು ನಿಧಾನವಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಜೀಪಿನವನಿಗೆ ಬೇರೆ ಬಾಡಿಗೆ ಇದೆ ಎಂದು ಒಬ್ಬೊಬ್ಬರಾಗಿ ಎದ್ದರು. ಬುಟ್ಟಿಯನ್ನು ಒಯ್ಯುವುದೋ ಬಿಡುವುದೋ ಎಂದು ಬಾಗಿಲಲ್ಲಿ ಸಣ್ಣ ಚರ್ಚೆ ನಡೆದು, ಕೊನೆಗೆ ಒಯ್ದರು. ಸರ್ ಬಿದ್ದು ಬಿದ್ದು ನಕ್ಕರು. ಕಾಲೇಜಿನಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ನಿಜವೇನೆಂದರೆ ಸರ್ ತಮ್ಮ ಅಕ್ಕ ತಂಗಿಗೆ ಎಂದೋ ಪಾಲು ಕೊಡಿಸಿದ್ದರು. ತಮ್ಮ ಪಾಲನ್ನಷ್ಟೇ ಕೊಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇಡೀ ಹೊಲವನ್ನು ಕಾನೂನಿನ ಪ್ರಕಾರ ಹಂಚಬೇಕು ಎಂದು ಪಟ್ಟು ಹಿಡಿದರು. ಹೊಲದಲ್ಲೇ ಬೆವರು ಹರಿಸಿದ್ದ ಅಣ್ಣ ಅಂದಿನಿಂದ ಮಾತು ಬಿಟ್ಟರು, ಮನೆಯ ನಡುವೆ ಗೋಡೆ ಎದ್ದಿತು. ಗೋದಾಮಿನಲ್ಲಿ ಸರ್ ಆಡಿದ್ದು ಅಣ್ಣ ಅಂದು ಅವರ ಮುಖದ ಮೇಲೆ ಆಡಿದ ಮಾತನ್ನೇ. ಅದಕ್ಕೇ ಅದು ಅಷ್ಟು ಜೀವಂತವಾಗಿತ್ತು. ಇದನ್ನು ನನಗೆ ಹೇಳಿದವರು ಅವರ ಹೆಂಡತಿ. ಕೇಳಿದ ಕೂಡಲೇ ಸರ್ ಬಳಿ ಓಡಿ ಬಂದೆ. ಗೇಟಿನಲ್ಲಿ ಕುಳಿತವರಿಗೆ, ಆಡಳಿತ ಮಂಡಳಿಗೆ, ಎಲ್ಲರಿಗೂ ಇದನ್ನು ಹೇಳಿಬಿಡೋಣ, ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ ಎಂದೆ. ಸರ್ ಒಪ್ಪಲಿಲ್ಲ.

"ಅದನ್ನ ಹೇಳಿದ್ರ ಅವರು ನನ್ನ ನಂಬ್ತಾರ. ಮಾತು ಕೇಳೂದಿಲ್ಲ. ನಾ ಒಳ್ಳ್ಯಾಂವ ಅಂತ ತಿಳಕೊಂಡು ಮನೀಗೆ ಹೊಕ್ಕಾರ. ಅದನ್ನ ತಗೊಂಡು ಏನ ಮಾಡೂದೈತಿ?"

ಆಗ ನನಗೆ ಅದು ಬರೀ ಹಟ ಎನ್ನಿಸಿತು. ಈಗಲೂ ಅರ್ಧ ಹಾಗೇ ಅನ್ನಿಸುತ್ತದೆ. ಆಡಳಿತ ಮಂಡಳಿಯ ಕಾರ್ಯದರ್ಶಿ ಕೆಟ್ಟ ಮನುಷ್ಯನಲ್ಲ, ಗದ್ದಲಕ್ಕೆ ಹೆದರುವ ಮನುಷ್ಯ. ಒಂದು ಕ್ಷಮೆ ಕೇಳಿಬಿಡಿ, ಮುಗಿದುಹೋಗುತ್ತದೆ ಎಂದರು. ಯಾವ ಅರ್ಧಕ್ಕೆ ಕೇಳಲಿ ಎಂದರು ಸರ್. ಅವರು ಕೇಳಿದ್ದು ಒಂದೇ: ಅದೇ ಗೋದಾಮು, ಅದೇ ಹುಡುಗರು, ಅರ್ಧಕ್ಕೆ ನಿಂತ ಮಾತನ್ನು ಮುಗಿಸಲು ಒಂದು ಅವಕಾಶ. ಈಗ ಬೇಡ, ಪರೀಕ್ಷೆ ಮುಗಿಯಲಿ ಎಂದರು ಕಾರ್ಯದರ್ಶಿ. ಪರೀಕ್ಷೆ ಮುಗಿದ ಮೇಲೆ, ವಾತಾವರಣ ತಿಳಿಯಾಗಲಿ ಎಂದರು.

ನಡುವೆ ನಾನು ಮಾಸೂರಿನ ಹುಡುಗಿಯನ್ನು ಹುಡುಕಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಹಿರೇಕೆರೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಅವಳು ವೀಡಿಯೊ ಮಾಡಿದವಳಲ್ಲ, ಕಳಿಸಿದವಳೂ ಅಲ್ಲ. ಅವಳಿಗೆ ನೀರಿನ ಪದ್ಧತಿಯನ್ನು ಬಿಡಿಸಿ ಹೇಳಿದೆ. ಸರ್ ನಿನ್ನ ಪರವೇ ಇದ್ದರು, ಇನ್ನೊಂದು ನಿಮಿಷ ತಡೆದಿದ್ದರೆ ಕೇಳುತ್ತಿದ್ದೆ ಎಂದೆ. ಅವಳು ಪೂರ್ತಿ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ.

"ಅಕ್ಕಾ, ನೀವು ಹೇಳೂದು ತಿಳೀತು. ಆದ್ರ ಅವರು ನೀರು ಕುಡಿಯೂ ತನಕಾ ನಾ ಯಾಕ ತಡೀಬೇಕು? ನಾ ಮನ್ಯಾಗ ತಡದ ತಡದ ಸಹಿ ಮಾಡಿ ಬಂದೇನಿ. ಕಾಲೇಜಿನಾಗೂ ತಡೀಬೇಕೇನು?"

ಬಸ್ಸು ಬಂತು, ಹತ್ತಿ ಹೋದಳು. ನಾನು ಅಲ್ಲೇ ನಿಂತೆ. ಅಮ್ಮಿಯ ಸೀರೆಯ ನೆನಪಾಯಿತು. ಅಮ್ಮಿಯೂ ತಡೆದವಳೇ.

ಮರುದಿನ ಇದನ್ನು ಸರ್‌ಗೆ ಹೇಳಿದೆ. ಹುಡುಗಿಯ ಮೇಲೆ ಸಿಟ್ಟಾಗುತ್ತಾರೆಂದು ಒಳಗೊಳಗೆ ಆಸೆಯಿತ್ತು, ಹಾಗಾಗಿದ್ದರೆ ನನ್ನ ಮನಸ್ಸಾದರೂ ಹಗುರಾಗುತ್ತಿತ್ತು. ಅವರು ಕಣ್ಣು ಮುಚ್ಚಿ ಕುಳಿತರು. ಆಮೇಲೆ ಎದ್ದು ನಿಂತು, ಖಾಲಿ ತರಗತಿಯಲ್ಲಿ ನನ್ನೊಬ್ಬಳ ಮುಂದೆ, ಆ ಹುಡುಗಿಯ ಮಾತನ್ನು ಹೇಳಿದರು. ಎರಡೂ ಕಡೆಯ ಮಾತು ಕೇಳಿಸಿಕೊಳ್ಳಬೇಕು ಎನ್ನುವುದು ಒಂದು ಕಡೆಯನ್ನು ಹುಟ್ಟಿದಾಗಿನಿಂದ ಕೇಳುತ್ತಲೇ ಬಂದವರಿಗೆ ಎಷ್ಟು ದೊಡ್ಡ ಹೊರೆ ಎಂದು. ನಿಮಗೆ ವಾದ ಕಲಿಯುವ ಆಟ, ನನಗೆ ನನ್ನ ಅಣ್ಣನ ದನಿ ಎಂದು. ನನ್ನ ನೋವನ್ನು ಇಷ್ಟು ಚೆನ್ನಾಗಿ ಆಡಿ ತೋರಿಸಲು ನನ್ನನ್ನು ಕೇಳಿದಿರಾ ಎಂದು. ಅವಳು ಇದ್ದಿದ್ದರೆ ಹೌದು ಎನ್ನುತ್ತಿದ್ದಳು, ನನಗೆ ಅನುಮಾನವಿಲ್ಲ. ಹೇಳಿ ಮುಗಿಸಿ ಸರ್ ಚರಗಿಯ ಕಡೆ ನೋಡಿದರು. ಎತ್ತಲಿಲ್ಲ.

"ಇದಕ್ಕ ನನ್ನ ಕಡೆ ಇನ್ನೂ ಉತ್ತರಾ ಇಲ್ಲವಾ," ಎಂದರು. "ಆದ್ರ ಆಕೀ ಮುಂದ ಇದನ್ನ ಹೇಳಬೇಕು. ಆ ಗೋದಾಮಿನ್ಯಾಗ, ಎಲ್ಲಾರ ಮುಂದ. ನನಗ ತಿಳದೈತಿ ಅಂತ ಆಕೀಗೆ ಗೊತ್ತಾಗಬೇಕು."

ಅದಾಗಲಿಲ್ಲ. ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ಯಾರೂ ತೆಗೆಯಲಿಲ್ಲ, ಯಾರೂ ಬೈಯಲಿಲ್ಲ, ಬಹಳ ಸೌಜನ್ಯದಿಂದ ಮರೆತರು. ಮಾಸೂರಿನ ಹುಡುಗಿ ಎರಡನೇ ವರ್ಷಕ್ಕೆ ಬರಲಿಲ್ಲ, ಮದುವೆಯಾಯಿತೆಂದು ಯಾರೋ ಹೇಳಿದರು, ಬೇರೆ ಊರಿಗೆ ಓದಲು ಹೋದಳೆಂದು ಇನ್ಯಾರೋ. ನಾನು ಪಾಸಾಗಿ ಸವಣೂರಿನಲ್ಲಿ ಕರಿ ಕೋಟು ಹಾಕಿದೆ. ಆಗಾಗ ತಿಳವಳ್ಳಿಗೆ ಹೋಗುತ್ತಿದ್ದೆ. ಸರ್ ಪಡಸಾಲೆಯಲ್ಲಿ ಕುಳಿತು ಕಕ್ಷಿದಾರರ ಕಾಗದ ನೋಡುತ್ತಿದ್ದರು, ಗೋಡೆಯಾಚೆ ಅಣ್ಣ ಕೆಮ್ಮುವುದು ಕೇಳಿಸುತ್ತಿತ್ತು. ಹೋದಾಗಲೆಲ್ಲ ಬರುವಾಗ ಬಾಗಿಲವರೆಗೆ ಬಂದು, "ಕಾಲೇಜಿನವರು ಏನರೆ ಅಂದ್ರೇನವಾ?" ಎಂದು ಕೇಳುತ್ತಿದ್ದರು. ಮೊದಮೊದಲು ಏನಾದರೂ ಸುಳ್ಳು ಹೇಳುತ್ತಿದ್ದೆ. ಆಮೇಲೆ ಅದಕ್ಕೂ ದಣಿವಾಯಿತು...

ಚರಗಿ ಬಂದ ಮರುವಾರ, ಅದೇ ಕಾಲೇಜಿನಿಂದ ನನಗೆ ಕರೆ ಬಂತು. ಸಂವಿಧಾನದ ಬಗ್ಗೆ ಒಂದು ಕಾರ್ಯಕ್ರಮ, ಹಳೆಯ ವಿದ್ಯಾರ್ಥಿನಿ ಎಂದು ನಾನು ಅತಿಥಿ. ವಿಷಯ ಮಾತಿನ ಸ್ವಾತಂತ್ರ್ಯ ಮತ್ತು ಸೌಜನ್ಯ. ಈಗಿನ ಕಾರ್ಯದರ್ಶಿ ಬೇರೆ, ಪ್ರಾಂಶುಪಾಲರೂ ಬೇರೆ, ಅಲ್ಲಿ ಯಾರಿಗೂ ಸರ್ ಗೊತ್ತಿಲ್ಲ. ಒಪ್ಪಿಕೊಂಡೆ. ಏನು ಮಾತಾಡಬೇಕೆಂದು ಆ ಕ್ಷಣವೇ ಗೊತ್ತಾಗಿತ್ತು. ಮೊದಲು ಮಾಸೂರಿನ ಹುಡುಗಿಯ ಮಾತು, ಕೆಲವು ಮಾತುಗಳನ್ನು ಕಾಲೇಜಿನ ಬಾಗಿಲಲ್ಲೇ ತಡೆಯಬೇಕು ಎನ್ನುವ ಮಾತು, ಸರ್ ಅಂದು ಖಾಲಿ ತರಗತಿಯಲ್ಲಿ ಹೇಳಿದ ಹಾಗೆ. ಆಮೇಲೆ ನೀರು. ಆಮೇಲೆ ನನ್ನದು. ಅವರು ಅಲ್ಲಿ ಹೇಳಬೇಕೆಂದಿದ್ದದ್ದನ್ನು ನಾನಾದರೂ ಹೇಳಿ ಬರುತ್ತೇನೆ ಎಂದುಕೊಂಡೆ. ಆ ಹುಡುಗಿ ಅಲ್ಲಿ ಇರುವುದಿಲ್ಲ, ಆದರೂ.

ಚರಗಿ ತುಂಬಿಸಿ ವೇದಿಕೆಯ ಮೇಜಿನ ಮೇಲಿಟ್ಟೆ, ಪ್ಲಾಸ್ಟಿಕ್ ಬಾಟಲಿಗಳ ನಡುವೆ. ಗಿರಣಿ ಮುಚ್ಚಿ ಎಷ್ಟೋ ದಿನವಾಗಿತ್ತು, ಗೋದಾಮು ಮೊದಲಿಗಿಂತ ಶಾಂತವಾಗಿತ್ತು. ನಾನು ಎದ್ದು ಮೈಕಿನ ಮುಂದೆ ನಿಂತೆ. ಮುಂದಿನ ಸಾಲಿನಲ್ಲಿ ಒಂದು ಫೋನು ಮೇಲೆದ್ದಿತು, ಅದರ ಹಿಂದೆ ಇನ್ನೊಂದು, ಆಮೇಲೆ ಸಾಲಾಗಿ. ಕೆಟ್ಟ ಉದ್ದೇಶವೇನಿಲ್ಲ, ಮಕ್ಕಳು ಎಲ್ಲವನ್ನೂ ಹಿಡಿದಿಡುತ್ತಾರೆ. ಮೊದಲ ಸಾಲು ನನ್ನ ನಾಲಿಗೆಯ ಮೇಲಿತ್ತು. ತಲೆಯ ಮೇಲೆ ಬಟ್ಟೆ ಹೊದ್ದ ಸವಣೂರಿನ ಒಬ್ಬ ವಕೀಲೆ, ಕೆಲವರ ಬಾಯಿ ಮುಚ್ಚಿಸಬೇಕು ಎನ್ನುತ್ತಿದ್ದಾಳೆ. ಅಷ್ಟನ್ನೇ ಕತ್ತರಿಸಿದರೆ ಅದು ಸಂಜೆಯೊಳಗೆ ಎಲ್ಲಿಗೆ ಮುಟ್ಟುತ್ತದೆ, ನಾಳೆ ನನ್ನ ಮೇಜಿನ ಮುಂದೆ ಯಾರು ನಿಲ್ಲುತ್ತಾರೆ, ಮನೆಯ ಬಾಗಿಲಿಗೆ ಯಾರು ಬರುತ್ತಾರೆ, ಎಲ್ಲವೂ ಒಮ್ಮೆಲೇ ಕಣ್ಣಿಗೆ ಕಟ್ಟಿತು. ಹೆದರಿದೆ ಎನ್ನಲಾರೆ. ಸುಸ್ತಾಯಿತು.

ಚರಗಿ ಎತ್ತಿ ಮೊದಲೇ ನೀರು ಕುಡಿದೆ. ಆಮೇಲೆ ಮಾತಾಡಿದೆ, ಮಾಸೂರಿನ ಹುಡುಗಿಯದನ್ನು ಬಿಟ್ಟು ನನ್ನ ಮಾತನ್ನಷ್ಟೇ. ಚೆನ್ನಾಗಿಯೇ ಮಾತಾಡಿದೆನಂತೆ. ಯಾರೂ ಎದ್ದು ನಿಲ್ಲಲಿಲ್ಲ, ಯಾರೂ ಬೆಂಚು ಬಡಿಯಲಿಲ್ಲ, ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು, ಯಾರೂ ಅದನ್ನು ಮಡಚಿ ವಾಪಸ್ ಒಯ್ಯಲಿಲ್ಲ.

ಸಂಜೆಯ ಬಸ್ಸಿನಲ್ಲಿ ಸವಣೂರಿಗೆ ಬರುವಾಗ ಚರಗಿ ಮಡಿಲಲ್ಲಿತ್ತು. ತಿಳವಳ್ಳಿಯಿಂದ ಸರ್ ಹೆಂಡತಿಯ ಫೋನು ಬಂತು. ಕಾರ್ಯಕ್ರಮದ ಸುದ್ದಿಯನ್ನು ನಾನೇ ಅವರಿಗೆ ಮೊದಲೇ ಹೇಳಿದ್ದೆ. "ಹೇಳಿದೇನವಾ, ಅವರು ಹೇಳಬೇಕಂದಿದ್ದನ್ನ?" ಎಂದು ಕೇಳಿದರು. ಬಸ್ಸಿನ ಸದ್ದಿನಲ್ಲಿ ಏನೂ ಕೇಳಿಸುತ್ತಿಲ್ಲ ಎಂದೆ. ಅವರು ಮತ್ತೆ ಕೇಳಲಿಲ್ಲ. ಸರ್ ಅಲ್ಲಿ ಕುಡಿಯದೆ ಕೆಳಗಿಟ್ಟು ಬಂದಿದ್ದ ನೀರನ್ನು ನಾನು ಬಾಯಿ ತೆರೆಯುವ ಮೊದಲೇ ಕುಡಿದು ಬಂದಿದ್ದೆ.